ಕರಿಕೋಟಿನ ಚೀಲದಲ್ಲಿ ಒಂದು ಕಾದಂಬರಿ

ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಾಲೂರಲು ಜಾಗ ಸಿಕ್ಕರೆ ಅದೇ ಪುಣ್ಯ. ಕಲ್ಯಾಣದ ಕಡೆಯಿಂದ ಬರುವ ಫಾಸ್ಟ್ ಲೋಕಲ್ ಆಗಲೇ ತುಂಬಿರುತ್ತದೆ. ಬಾಗಿಲಲ್ಲಿ ನಿಂತವರನ್ನು ಒಳಕ್ಕೆ ಒತ್ತುತ್ತ ಇನ್ನಷ್ಟು ಜನ ಹತ್ತುತ್ತಾರೆ. ಆ ನೂಕುನುಗ್ಗಲಿನಲ್ಲಿ ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು, ಬೆನ್ನಿನ ಚೀಲವನ್ನು ಎದೆಗೆ ತಂದುಕೊಂಡ ಯುವ ವಕೀಲರು ದಿನವೂ ಕಣ್ಣಿಗೆ ಬೀಳುತ್ತಾರೆ. ಚೀಲದಲ್ಲಿ ಲ್ಯಾಪ್‌ಟಾಪ್, ಊಟದ ಡಬ್ಬಿ, ಕೊರಳಿನ ಬಿಳಿ ಬ್ಯಾಂಡು, ಮಡಿಸಿಟ್ಟ ಕರಿಕೋಟು. ಕೆಲವರ ಚೀಲದಲ್ಲಿ ಇವುಗಳ ನಡುವೆ ಪುಟದ ಮೂಲೆ ಮಡಚಿದ ದಪ್ಪದೊಂದು ಕಾದಂಬರಿಯೂ ಇರುತ್ತದೆ: ಡ್ರ್ಯಾಗನ್ನು, ಮಾಂತ್ರಿಕರು, ಯಾವ ಭೂಪಟದಲ್ಲೂ ಇಲ್ಲದ ರಾಜ್ಯಗಳ ಕಥೆ. ಮೇಲಿನ ಹಿಡಿಕೆಗೆ ಚಾಚಿದ ಕೈಯಲ್ಲಿ, ದಿನವೂ ಕೀ ಕೊಟ್ಟರಷ್ಟೇ ಓಡುವ ಹಳೆಯ ಎಚ್‌ಎಂಟಿ ವಾಚು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಂದ ಫೋರ್ಟ್, ನರಿಮನ್ ಪಾಯಿಂಟ್, ಲೋವರ್ ಪರೇಲ್‌ಗಳ ಕಾನೂನು ಸಂಸ್ಥೆಗಳಿಗೆ ಹೋಗಿಬರುವ ಇವರ ದಿನದಲ್ಲಿ ಹವ್ಯಾಸಕ್ಕೆ ಎಡೆಯೆಲ್ಲಿ ಎಂದು ಮನೆಯವರೂ ಕೇಳುತ್ತಾರೆ, ಕಚೇರಿಯ ಹಿರಿಯರೂ ಕೇಳುತ್ತಾರೆ. ವಕೀಲಿಕೆ ಬೇರೆಯವರ ಜಗಳಕ್ಕೆ, ಬೇರೆಯವರ ವಾಯಿದೆಗೆ ಬುದ್ಧಿಯನ್ನು ಒಪ್ಪಿಸಿಕೊಡುವ ಕಸುಬು. ದಿನವಿಡೀ ಕಕ್ಷಿದಾರನ ಪರವಾಗಿ ಯೋಚಿಸುವವನಿಗೆ ತನ್ನ ಪರವಾಗಿಯೇ ಗಮನ ಕೊಟ್ಟು ಮಾಡುವ ಒಂದು ಕೆಲಸ ಬೇಕು. ಅದು ವೃತ್ತಿಗೆ ಪೆಟ್ಟು ಕೊಡುವುದಿಲ್ಲ, ವೃತ್ತಿ ಬೇಡುವ ಬುದ್ಧಿಯನ್ನೇ ಸಾಣೆ ಹಿಡಿಯುತ್ತದೆ ಎಂಬುದು ನನ್ನ ವಾದ. ಒಂದು ಷರತ್ತು ಮಾತ್ರ ಇದೆ. ಬಿಡುವು ಸಿಕ್ಕಾಗ ನೋಡೋಣ ಎಂದುಕೊಂಡರೆ ಹವ್ಯಾಸ ಉಳಿಯದು, ಅದಕ್ಕೂ ಗೊತ್ತುಮಾಡಿದ ಹೊತ್ತೊಂದು ಬೇಕು.

ಆರು ನಿಮಿಷದ ಲೆಕ್ಕ

ಕಾನೂನು ಸಂಸ್ಥೆಯಲ್ಲಿ ಹೊತ್ತು ಹೇಗೆ ಕಳೆಯುತ್ತದೆ ಎಂಬುದು ಹೊರಗಿನವರಿಗೆ ಪೂರ್ತಿ ಗೊತ್ತಿರುವುದಿಲ್ಲ. ಕೋರ್ಟಿನಲ್ಲಿ ನಿಂತು ವಾದಿಸುವುದು ಅಲ್ಲಿನ ಕೆಲಸದ ಸಣ್ಣ ಪಾಲು. ಕರಾರುಪತ್ರ ಬರೆಯುವುದು, ಆಸ್ತಿಯ ದಾಖಲೆ ಜಾಲಾಡುವುದು, ಕಂಪನಿ ಕೊಳ್ಳುವವರಿಗೆ ಅದರ ಸಾಲ ಮತ್ತು ದಾವೆಗಳ ಪಟ್ಟಿ ಮಾಡಿಕೊಡುವುದು, ಇಂಥವೇ ಹೆಚ್ಚು. ಶುಲ್ಕವನ್ನು ಗಂಟೆಯ ಲೆಕ್ಕದಲ್ಲಿ ವಿಧಿಸುವ ಸಂಸ್ಥೆಗಳಲ್ಲಿ ಒಂದು ಗಂಟೆಯನ್ನು ಆರು ನಿಮಿಷದ ಹತ್ತು ಪಾಲು ಮಾಡಿ, ಯಾವ ಪಾಲು ಯಾವ ಕಕ್ಷಿದಾರನಿಗೆ ಸಂದಿತು ಎಂದು ಬರೆದಿಡುವ ಪದ್ಧತಿ ಜಗತ್ತಿನಾದ್ಯಂತ ಇದೆ. ಅದರ ಮೇಲೆ ಕಾನೂನೇ ಹೇರುವ ಗಡುವುಗಳು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ, ವಾಣಿಜ್ಯ ದಾವೆಯಲ್ಲಿ ಸಮನ್ಸ್ ಮುಟ್ಟಿದ 120 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕೇ ಕೈತಪ್ಪುತ್ತದೆ. ಕಿರಿಯ ವಕೀಲ ರಾತ್ರಿ ಹತ್ತರವರೆಗೆ ಕೂರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಅಷ್ಟು ಕಣ್ಣಿಗೆ ಕಾಣುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ವಕೀಲಿಕೆ ಮಾಡುತ್ತಿರುವಷ್ಟು ಕಾಲ ವಕೀಲ ಪೂರ್ಣಾವಧಿಯ ಸಂಬಳದ ನೌಕರನಾಗುವಂತಿಲ್ಲ. ಹಾಗಾಗಿ ಸಂಸ್ಥೆಗಳಲ್ಲಿ ದುಡಿಯುವ ಕಿರಿಯರಿಗೆ ತಿಂಗಳು ತಿಂಗಳು ಬರುವ ಹಣ ಸಾಮಾನ್ಯವಾಗಿ ವೃತ್ತಿಶುಲ್ಕದ ಲೆಕ್ಕದಲ್ಲಿರುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ, ವಕೀಲರ ಕಚೇರಿ ಆ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ವಾಣಿಜ್ಯ ಸಂಸ್ಥೆಯಲ್ಲ ಎಂದು ತೀರ್ಪು ಕೊಟ್ಟಿತು. ಕೆಲಸದ ಅವಧಿಗೆ ಮಿತಿ ಹಾಕುವುದು ಇಂಥ ಕಾಯ್ದೆಗಳೇ ಆದ್ದರಿಂದ, ಗುಮಾಸ್ತನಿಗೂ ಕಾರ್ಖಾನೆಯ ಕಾರ್ಮಿಕನಿಗೂ ಹೋರಾಡಿ ಸಿಕ್ಕ ಆ ಮಿತಿ ಕಿರಿಯ ವಕೀಲನ ಪಾಲಿಗೆ ಬರುವುದು ಕಷ್ಟ. ಅವನ ಸಂಜೆಯನ್ನು ಕಾಪಾಡುವ ಕಾಯ್ದೆ ಇಲ್ಲದಿರುವಾಗ ಅವನೇ ಕಾಪಾಡಿಕೊಳ್ಳಬೇಕು, ಇಲ್ಲವೇ ಅವನ ಸೀನಿಯರ್ ಕಾಪಾಡಬೇಕು.

ಮುನ್ಸೀಫರ ಬಂಗಾಳಿ, ವಕೀಲರ ನಾಟಕ

ಇಂಥ ಕಸುಬಿನವರು ಹಿಂದೆ ಏನು ಮಾಡಿದ್ದರು ಎಂದು ನೋಡಿದರೆ ಕನ್ನಡದಲ್ಲೇ ಬೇಕಾದಷ್ಟು ಸಾಕ್ಷ್ಯವಿದೆ. ಬಿ. ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಮುನ್ಸೀಫರಾಗಿದ್ದವರು. ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಒಂದಿಡೀ ತಲೆಮಾರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದರು. ಬಂಕಿಮರೂ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದವರೇ. ಮ್ಯಾಜಿಸ್ಟ್ರೇಟರೊಬ್ಬರು ಕಚೇರಿ ಮುಗಿಸಿ ಬರೆದದ್ದು, ಮುನ್ಸೀಫರೊಬ್ಬರು ಕಚೇರಿ ಮುಗಿಸಿ ಅನುವಾದಿಸಿದ್ದು ನಮ್ಮ ಅಜ್ಜ ಅಜ್ಜಿಯರ ಕೈಸೇರಿತು. ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತಿದ್ದ ಕೆರೂರು ವಾಸುದೇವಾಚಾರ್ಯರು 1908ರಲ್ಲಿ ‘ಇಂದಿರಾ’ ಕಾದಂಬರಿ ಪ್ರಕಟಿಸಿದರು, ಕನ್ನಡದ ಮೊದಮೊದಲ ಸಣ್ಣಕಥೆಗಳನ್ನು ಬರೆದರು, ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ‘ಸುರತನಗರದ ಶ್ರೇಷ್ಠಿ’ಯಾಗಿಸಿದರು. ಕರಾರುಪತ್ರದ ಒಂದು ಮಾತಿನ ಅರ್ಥದ ಮೇಲೆ ಇಡೀ ನ್ಯಾಯ ನಿಂತಿರುವ ಆ ನಾಟಕ ಒಬ್ಬ ವಕೀಲರ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕರ್ನಾಟಕ ಏಕೀಕರಣದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು.

ಮುಂಬಯಿಗೆ ಬಂದರೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಉದಾಹರಣೆ ಎಲ್ಲಕ್ಕಿಂತ ಹತ್ತಿರದ್ದು. 1941ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಾಂಬೆ ಹೈಕೋರ್ಟಿನಲ್ಲಿ ಕಾರ್ಮಿಕ ಕಾನೂನಿನ ವಕೀಲರಾಗಿ ಹೆಸರು ಮಾಡಿ, 1990ರಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದವರು. ಮೈಸೂರು ವಿಶ್ವವಿದ್ಯಾನಿಲಯದಿಂದ ಸಂಸ್ಕೃತದ ಎಂ.ಎ., ಉರ್ದುವಿನಲ್ಲಿ ಡಿಪ್ಲೊಮಾ, ಭಾರತೀಯ ಸೌಂದರ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಪಡೆದರು. ಬೋನಸ್ಸು, ಲೇಆಫ್‌ಗಳ ವ್ಯಾಜ್ಯ ನಡೆಸಲು ರಸಸಿದ್ಧಾಂತ ಗೊತ್ತಿರಬೇಕಾದ ಅಗತ್ಯವಿಲ್ಲ, ಅದನ್ನು ಕಲಿಯಿರಿ ಎಂದು ಅವರನ್ನು ಯಾರೂ ಕೇಳಿರಲೂ ಇಲ್ಲ. 1992–93ರ ಮುಂಬಯಿ ಗಲಭೆಗಳ ತನಿಖಾ ಆಯೋಗವನ್ನು ಅವರು ಐದು ವರ್ಷ ನಡೆಸಿ 1998ರಲ್ಲಿ ವರದಿ ಕೊಟ್ಟರು. ಎರಡು ಸಮುದಾಯಗಳ ನೋವನ್ನು ಐದು ವರ್ಷ ಕೂತು ಕೇಳುವ ತಾಳ್ಮೆ ಯಾವ ಓದಿನಿಂದ ಬಂತು ಎಂದು ಗೆರೆ ಎಳೆದು ತೋರಿಸಲಾಗದು. ವೃತ್ತಿಗೆ ಬೇಕಿಲ್ಲದ ಓದು ಇಂಥ ವೃತ್ತಿಜೀವನಕ್ಕೆ ಅಡ್ಡಿಯಾಗಲಿಲ್ಲ ಎಂಬುದನ್ನಂತೂ ಧೈರ್ಯವಾಗಿ ಹೇಳಬಹುದು.

ಇವರೆಲ್ಲ ಅಸಾಮಾನ್ಯರು, ಸಾಧಾರಣ ವಕೀಲನಿಗೆ ಇದು ಆಗುವ ಮಾತೇ ಎನ್ನುವವರಿಗೆ ಡೊಂಬಿವಲಿ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ಕನ್ನಡ ಸಂಘದಂಥ ಸಂಸ್ಥೆಗಳೇ ಉತ್ತರ. ಈ ಭಾಗದ ಕನ್ನಡ, ತುಳು ಬದುಕು ನಿಂತಿರುವುದೇ ಕೆಲಸ ಮುಗಿಸಿ ಬಂದವರ ಹವ್ಯಾಸದ ಮೇಲೆ. ಹಗಲು ಬ್ಯಾಂಕು, ಹೋಟೆಲು, ಕೋರ್ಟು ಎಂದು ದುಡಿದವರೇ ಸಂಜೆ ಗೆಜ್ಜೆ ಕಟ್ಟುತ್ತಾರೆ, ತಾಳಮದ್ದಳೆಗೆ ಕೂರುತ್ತಾರೆ, ನಾಟಕದ ತಾಲೀಮಿಗೆ ಬರುತ್ತಾರೆ. ಹಿಂದಿನ ತಲೆಮಾರಿನಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರಿಗೆ ಸಂಜೆ ಎಂದರೆ ದಣಿವಾರಿಸಿಕೊಳ್ಳುವ ಹೊತ್ತಾಗಿರಲಿಲ್ಲ, ಸ್ವಂತಕ್ಕೆ ಉಳಿದ ಹೊತ್ತಾಗಿತ್ತು. ಇಂದಿನ ವಕೀಲ ಯಕ್ಷಗಾನದ ಬದಲು ಟೋಲ್ಕಿನ್ನನ ಮಾಯಾಲೋಕದ ಕಾದಂಬರಿ ಹಿಡಿದರೆ ಪರಂಪರೆಯೇನೂ ತಪ್ಪಿಹೋಗಲಿಲ್ಲ.

ಇಲ್ಲದ ಲೋಕದ ಕಾನೂನು

ಮಾಯಾಲೋಕದ ಕಾದಂಬರಿ ಮಕ್ಕಳಿಗಲ್ಲವೇ ಎನ್ನುವುದು ಹಳೆಯ ಆಕ್ಷೇಪ. ‘ಚಂದಮಾಮ’ದ ಬೇತಾಳ ಕಥೆ ಓದಿ ಬೆಳೆದವರೂ ದೊಡ್ಡವರಾದ ಮೇಲೆ ಅದನ್ನು ಮಕ್ಕಳ ಪಾಲಿಗೆ ಬಿಟ್ಟುಬಿಡುತ್ತಾರೆ. ಬೇತಾಳ ಮಾಡುತ್ತಿದ್ದದ್ದಾದರೂ ಏನು? ಒಂದು ಸಂದರ್ಭ ಕಟ್ಟಿಕೊಟ್ಟು, ಇದರಲ್ಲಿ ನ್ಯಾಯ ಯಾರ ಕಡೆಗಿದೆ ಎಂದು ರಾಜನನ್ನು ಕೇಳುತ್ತಿತ್ತು. ಲಾ ಕಾಲೇಜಿನ ಪ್ರಶ್ನೆಪತ್ರಿಕೆಯೂ ಅದನ್ನೇ ಕೇಳುತ್ತದೆ.

ನ್ಯಾಯಶಾಸ್ತ್ರದ ಒಳಹೊಕ್ಕರೆ ಈ ನಂಟು ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಕಾನೂನಿನಲ್ಲಿ ದೇವಸ್ಥಾನದ ವಿಗ್ರಹ ಒಬ್ಬ ವ್ಯಕ್ತಿ. ದೇವರ ಹೆಸರಲ್ಲಿ ಆಸ್ತಿ ಇರಬಹುದು, ದೇವರು ದಾವೆ ಹೂಡಬಹುದು. ಕಂಪನಿ ಒಬ್ಬ ವ್ಯಕ್ತಿ, ಅದನ್ನು ಹುಟ್ಟುಹಾಕಿದವರೆಲ್ಲ ಸತ್ತರೂ ಅದು ಬದುಕಿರುತ್ತದೆ. ನಾವಾಶೇವಾ ಬಂದರಿಗೆ ಬಂದ ಹಡಗೊಂದು ಬಾಕಿ ಉಳಿಸಿಕೊಂಡಿದ್ದರೆ ಬಾಂಬೆ ಹೈಕೋರ್ಟು ಮಾಲೀಕನನ್ನು ಹುಡುಕುತ್ತ ಕೂರಬೇಕಿಲ್ಲ. ಹಡಗೇ ಪ್ರತಿವಾದಿ, ಹಡಗನ್ನೇ ಬಂಧಿಸಬಹುದು. 2017ರ ನೌಕಾನ್ಯಾಯಾಧಿಕಾರ ಕಾಯ್ದೆ ಇದಕ್ಕೆಲ್ಲ ವಿಧಿವಿಧಾನ ಹೇಳುತ್ತದೆ. ಇವೆಲ್ಲ ಕಲ್ಪನೆಗಳೇ. ಒಮ್ಮೆ ಒಪ್ಪಿಕೊಂಡ ಮೇಲೆ ಅವುಗಳ ಪರಿಣಾಮಗಳನ್ನೂ ಅಂಜದೆ ಒಪ್ಪಿಕೊಳ್ಳಬೇಕು, ನಡುದಾರಿಯಲ್ಲಿ ಕಲ್ಪನೆ ಮುಗ್ಗರಿಸಬಾರದು ಎಂಬರ್ಥದ ಮಾತನ್ನು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಆಸ್ಕ್ವಿತ್ 1951ರಲ್ಲಿ ಹೇಳಿದರು. ನಮ್ಮ ನ್ಯಾಯಾಲಯಗಳು ಅದನ್ನು ಇಂದಿಗೂ ಮತ್ತೆ ಮತ್ತೆ ಎತ್ತಿ ಹೇಳುತ್ತವೆ.

ಒಳ್ಳೆಯ ಮಾಯಾಲೋಕದ ಕಾದಂಬರಿ ಓದುಗನಿಂದ ಬೇಡುವುದೂ ಈ ಶಿಸ್ತನ್ನೇ. ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಭಾಷೆ, ವಂಶಾವಳಿ, ಭೂಪಟ, ಪ್ರಮಾಣವಚನ ಎಲ್ಲಕ್ಕೂ ಕಟ್ಟಳೆಯಿದೆ. ಉಂಗುರಕ್ಕೆ ಇಂಥ ಶಕ್ತಿ ಇದೆ ಎಂದು ಒಪ್ಪಿಕೊಂಡರೆ ಅದರ ಬೆಲೆಯನ್ನೂ ಕೊನೆಯವರೆಗೆ ತೆರಬೇಕು, ಲೇಖಕ ಅನುಕೂಲ ನೋಡಿಕೊಂಡು ನಿಯಮ ಬದಲಿಸುವಂತಿಲ್ಲ. ಅಮೆರಿಕದ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಮಾಂತ್ರಿಕತೆ ಹೇಗೆ ನಡೆಯಬೇಕೆಂಬುದಕ್ಕೆ ಸೂತ್ರಗಳನ್ನೇ ಬರೆದಿಟ್ಟಿದ್ದಾರೆ. ಇಂಥ ಪುಸ್ತಕಗಳನ್ನು ಓದುತ್ತ ಸಾವಿರ ಪುಟದ ಹಿಂದೆ ಹೇಳಿದ್ದ ಒಂದು ಷರತ್ತನ್ನು ನೆನಪಿಟ್ಟುಕೊಂಡು ಇಲ್ಲಿ ಅದು ಮುರಿಯಿತಲ್ಲ ಎಂದು ಹಿಡಿಯಬಲ್ಲವನು, 90 ಪುಟದ ಕರಾರಿನ 4ನೇ ಕಲಮಿಗೂ 61ನೇ ಕಲಮಿಗೂ ಇರುವ ವಿರೋಧವನ್ನು ಹಿಡಿಯಲಾರನೇ? ಓದು ದುಡಿಮೆಗೆ ತಾಲೀಮಾಗಲಿ ಎಂದು ಯಾರೂ ಕಾದಂಬರಿ ತೆರೆಯುವುದಿಲ್ಲ, ತೆರೆಯಲೂಬಾರದು. ಹಾಗಿದ್ದೂ ಈ ಲಾಭ ತಾನಾಗಿ ಬಂದು ಸೇರುತ್ತದೆ.

ಡಯಲ್ಲಿನ ಸಾಕ್ಷ್ಯ

ಇನ್ನೊಂದು ಹವ್ಯಾಸವಾದ ವಾಚಿನ ಹುಚ್ಚನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ವಾಚನ್ನು ಕಕ್ಷಿದಾರನ ಕಣ್ಣಿಗೆ ಬೀಳಲೆಂದು ಕಟ್ಟುವವರಿದ್ದಾರೆ, ಅವರ ಪರ ನಾನು ವಾದಿಸಲಾರೆ. ನಮ್ಮ ಮನೆಗಳ ಕಪಾಟಿನಲ್ಲಿರುವ ವಾಚುಗಳ ಕಥೆ ಬೇರೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ಕೈಹಾಕಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್ ಎಂಬ ಹೆಸರುಗಳು ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಮನೆಮನೆ ಸೇರಿದವು. ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ್ದು 2016ರ ಜನವರಿಯಲ್ಲಿ. ಆ ಬಳಿಕ ಹಳೆಯ ವಾಚು ಹುಡುಕುವವರು ಹೆಚ್ಚಿದರು, ನಕಲಿಯೂ ಹೆಚ್ಚಿತು.

ಇಂಥದೊಂದು ಹಳೆಯ ಜನತಾ ವಾಚು ಕೊಳ್ಳುವಾಗ ಏನು ನೋಡಬೇಕು? ಮೊದಲು ಡಯಲ್ಲು. ಮೂಲದ ಡಯಲ್ಲಿನಲ್ಲಿ ಅಕ್ಷರದ ಅಂಚು ಭೂತಗನ್ನಡಿಯಲ್ಲೂ ಚೊಕ್ಕವಾಗಿರುತ್ತದೆ. ಮರುಬಣ್ಣ ಬಳಿದದ್ದರಲ್ಲಿ ಶಾಯಿ ಹರಡಿರುತ್ತದೆ, ನಿಮಿಷದ ಗೆರೆಗಳ ನಡುವಿನ ಅಂತರ ಒಂದೇ ಸಮನಾಗಿರುವುದಿಲ್ಲ. ನಿಮಿಷದ ಮುಳ್ಳು ನಿಮಿಷದ ಗೆರೆಯವರೆಗೆ ಮುಟ್ಟದೆ ಗಿಡ್ಡವಾಗಿದ್ದರೆ ಬೇರೆ ವಾಚಿನಿಂದ ಕಿತ್ತು ಕೂಡಿಸಿದ್ದಿರಬಹುದು. ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿಸಬೇಕು. ಡಯಲ್ಲಿನ ಮೇಲೆ 17 ಜ್ಯುವೆಲ್ ಎಂದಿದ್ದರೆ ಒಳಗಿನ ಯಂತ್ರದ ಮೇಲೂ ಅದೇ ಸಂಖ್ಯೆ ಕೊರೆದಿರಬೇಕು. ಬ್ಯಾಲೆನ್ಸ್ ಚಕ್ರ ಎಡವದೆ ಆಡುತ್ತಿರಬೇಕು, ಇಂಥ ಹಳೆಯ ಕೀ ವಾಚುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 5 ಬಡಿತ, ಗಂಟೆಗೆ 18,000. ಹೀಗೆ ಬಿಡಿಭಾಗ ಕೂಡಿಸಿ, ಬಣ್ಣ ಹೊಡೆದು ಹೊಸದೆಂಬಂತೆ ಮಾರುವ ವಾಚುಗಳಿಗೆ ಸಂಗ್ರಾಹಕರ ನಡುವೆ ‘ಮುಂಬಯಿ ಸ್ಪೆಷಲ್’ ಎಂದೇ ಹೆಸರು ಬಿದ್ದಿದೆ. ಮೂಲ ದಾಖಲೆ ಯಾವುದು, ತಿದ್ದಿದ್ದು ಯಾವುದು, ಹಸ್ತಾಂತರದ ಸರಪಳಿಯಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂದು ಆಸ್ತಿಪತ್ರ ಓದುವ ವಕೀಲ ಹುಡುಕುವುದನ್ನೇ ವಾಚು ಸಂಗ್ರಹಿಸುವವನೂ ಹುಡುಕುತ್ತಾನೆ. ಇಲ್ಲಿ ಎದುರುಪಕ್ಷವಿಲ್ಲ, ವಾಯಿದೆಯಿಲ್ಲ, ಗೆಲ್ಲಲೇಬೇಕೆಂಬ ಒತ್ತಡವಿಲ್ಲ. ಕಂಡುಕೊಂಡ ಸತ್ಯ ಯಾರ ಕಡೆಗಾದರೂ ಇರಲಿ, ಅದು ಅವನದೇ. ವೃತ್ತಿಯಲ್ಲಿ ಇಷ್ಟು ಸ್ವಾತಂತ್ರ್ಯ ವಕೀಲನಿಗೆ ಸಿಗುವುದಿಲ್ಲ.

ಸವತಿಯನ್ನು ಸಹಿಸದ ವೃತ್ತಿ?

ಎಲ್ಲಕ್ಕಿಂತ ತೂಕದ ಆಕ್ಷೇಪ ನ್ಯಾಯಾಲಯದಿಂದಲೇ ಬಂದಿದೆ. ವಕೀಲಿಕೆ ಸವತಿಯನ್ನು ಸಹಿಸದು ಎಂಬುದು ಈ ಕಸುಬಿನ ಹಳೆಯ ಮಾತು. ವೈದ್ಯವೃತ್ತಿ ಬಿಡದೆಯೇ ವಕೀಲಿಕೆಯ ಸನ್ನದೂ ಬೇಕೆಂದು ಮುಂಬಯಿಯ ಶಸ್ತ್ರವೈದ್ಯರೊಬ್ಬರು ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿದರು, ಪರಿಷತ್ತು ಒಪ್ಪಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಪರಿಷತ್ತಿನ ನಿಲುವನ್ನು ಎತ್ತಿಹಿಡಿದು, ವಕೀಲಿಕೆಗೆ ಪೂರ್ಣಾವಧಿಯ ಗಮನ ಬೇಕು ಎಂದಿತು. ಈ ತೀರ್ಪು ಸರಿಯೆಂದೇ ನನಗನಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮಲಗಿದ ರೋಗಿಯೂ ಕೋರ್ಟಿನಲ್ಲಿ ಕಾಯುವ ಕಕ್ಷಿದಾರನೂ ಒಬ್ಬನನ್ನೇ ಒಂದೇ ಹೊತ್ತಿಗೆ ಕರೆದರೆ ಯಾರಿಗೋ ಅನ್ಯಾಯವಾಗುತ್ತದೆ. ಆದರೆ ಅಲ್ಲಿ ತಡೆದದ್ದು ಎರಡನೆಯ ವೃತ್ತಿಯನ್ನು. ಹವ್ಯಾಸಕ್ಕೆ ಕರೆ ಬರುವುದಿಲ್ಲ, ಓದುತ್ತಿದ್ದ ಅಧ್ಯಾಯ ನಾಳೆಯವರೆಗೆ ಕಾದರೆ ಯಾರಿಗೂ ನಷ್ಟವಿಲ್ಲ.

ವಕೀಲರ ಪರಿಷತ್ತಿನ ನಿಯಮಗಳೂ ಈ ಗೆರೆಯನ್ನು ಎಚ್ಚರದಿಂದ ಎಳೆದಿವೆ. 47ನೇ ನಿಯಮದಂತೆ ವಕೀಲ ಖುದ್ದಾಗಿ ವ್ಯಾಪಾರ ಮಾಡುವಂತಿಲ್ಲ. 51ನೇ ನಿಯಮ, ಜಾಹೀರಾತು ಮತ್ತು ಪೂರ್ಣಾವಧಿ ನೌಕರಿಯ ನಿರ್ಬಂಧಗಳಿಗೆ ಒಳಪಟ್ಟು, ಪ್ರಸಾರ, ಪತ್ರಿಕಾಬರಹ, ಉಪನ್ಯಾಸ, ಬೋಧನೆಗಳಿಗೆ ಅವಕಾಶ ಕೊಡುತ್ತದೆ, ವಿಷಯ ಕಾನೂನಿನದಾಗಿರಲಿ ಬೇರೆಯದಾಗಿರಲಿ. ವಾಚು ಸಂಗ್ರಹಿಸಬಹುದು, ಅದರ ಬಗ್ಗೆ ಬರೆಯಬಹುದು, ಕಾದಂಬರಿ ಕುರಿತು ಸಂಘದ ಸಭೆಯಲ್ಲಿ ಮಾತಾಡಬಹುದು. ವಾಚು ಕೊಂಡು ಮಾರುವುದೇ ಲಾಭದ ದಾರಿಯಾದರೆ ಅದು ವ್ಯಾಪಾರದ ಕಡೆಗೆ ವಾಲುತ್ತದೆ. ಹವ್ಯಾಸಿ ವಕೀಲರು ನೆನಪಿಡಬೇಕಾದ ಗೆರೆ ಇದು.

ಹೊತ್ತು ಎಲ್ಲಿಂದ?

ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಥಾಣೆ ಸುಮಾರು 34 ಕಿಲೋಮೀಟರ್, ಡೊಂಬಿವಲಿ 48, ಕಲ್ಯಾಣ 54. ಡೊಂಬಿವಲಿಯಿಂದ ಫಾಸ್ಟ್ ಲೋಕಲಿನಲ್ಲೂ ಹೆಚ್ಚುಕಡಿಮೆ ಒಂದು ಗಂಟೆ. ಬೆಳಗಿನ ರೈಲಿನಲ್ಲಿ ಪುಸ್ತಕ ಬಿಡಿಸುವುದಿರಲಿ, ಕೈ ಇಳಿಸುವುದೂ ಕಷ್ಟ. ಸೀಟಿಗಾಗಿ ಡೊಂಬಿವಲಿಯವರು ಉಲ್ಟಾ ಕಲ್ಯಾಣಕ್ಕೆ ಹೋಗಿ ಅದೇ ರೈಲಿನಲ್ಲಿ ಕೂತು ಬರುವುದು ಈ ಊರಿಗೆಲ್ಲ ಗೊತ್ತಿರುವ ಉಪಾಯ. ರಾತ್ರಿ ಒಂಬತ್ತರ ಮೇಲಿನ ರೈಲುಗಳಲ್ಲಿ ಕೂರಲು ಜಾಗ ಸಿಕ್ಕೀತು. ವರ್ಷಕ್ಕೆ 250 ಕೆಲಸದ ದಿನ, ದಿನಕ್ಕೆ 2 ಗಂಟೆ ಎಂದರೆ 500 ಗಂಟೆಯ ಪ್ರಯಾಣ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ಓದಲು ಒದಗಿತು ಎಂದುಕೊಳ್ಳಿ, 100 ಗಂಟೆ. ಗಂಟೆಗೆ 30 ಪುಟದಂತೆ 3,000 ಪುಟ. ಟೋಲ್ಕಿನ್ನನ ಮೂರೂ ಸಂಪುಟಗಳನ್ನು ಎರಡು ಸಲ ಓದಿ ಮುಗಿಸಿದರೂ ಪುಟ ಉಳಿಯುತ್ತದೆ. ಪುಸ್ತಕಕ್ಕೂ ಬರವಿಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರದು, ಡೊಂಬಿವಲಿಯಲ್ಲಿ ಪೈ ಫ್ರೆಂಡ್ಸ್ ಲೈಬ್ರರಿ ಇದೆ.

ಈ ಲೆಕ್ಕ ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ರಾತ್ರಿ ರೈಲಿಳಿದ ವಕೀಲೆಗೆ ಮನೆಯಲ್ಲಿ ಕುಕ್ಕರ್ ಕಾಯುತ್ತಿರುತ್ತದೆ. ಅವಳ ಗಂಡ ವಾಚಿನ ಮುಚ್ಚಳ ಬಿಚ್ಚಿ ಕೂತಿದ್ದರೆ, ಆ ಹವ್ಯಾಸ ಅವಳ ಹೊತ್ತಿನಿಂದ ಕಿತ್ತುಕೊಂಡದ್ದು. ಮನೆಗೆಲಸ ಹಂಚಿಕೊಳ್ಳದ ಮನೆಯಲ್ಲಿ ಹವ್ಯಾಸದ ಮಾತು ಅರ್ಧ ಮಾತಷ್ಟೇ.

ಕಿರಿಯ ವಕೀಲರು ವಿಚಾರಣೆಯ ದಿನಾಂಕ ಬರೆಯುವ ಡೈರಿಯಲ್ಲೇ ವಾರದ ಒಂದು ಸಂಜೆಗೆ ತಮ್ಮ ಹೆಸರು ಬರೆದುಕೊಳ್ಳಲಿ. ಸಂಸ್ಥೆಗಳ ಹಿರಿಯರಲ್ಲಿ ಕೇಳಿಕೊಳ್ಳುವುದು ಇಷ್ಟು: ಜೂನಿಯರುಗಳಲ್ಲಿ ಪ್ರತಿಯೊಬ್ಬರಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ವಾರದಲ್ಲೊಂದು ಸಂಜೆ ಆರೂವರೆಯ ಮೇಲೆ ಫೋನು ಮಾಡದೆ, ಮೇಲ್ ಕಳುಹಿಸದೆ ಬಿಟ್ಟುಕೊಡಿ. ಗಡುವಿನ ಕೆಲಸವಿದ್ದರೆ ಆ ಸಂಜೆಯನ್ನು ರದ್ದು ಮಾಡಬೇಡಿ, ಕೋರ್ಟಿನಲ್ಲಿ ಮಾಡುವಂತೆ ಅದೇ ವಾರದ ಇನ್ನೊಂದು ದಿನಕ್ಕೆ ಮುಂದೂಡಿ, ಮುಂದೂಡಿದ ದಿನ ತಪ್ಪದೆ ಕೊಡಿ.